ಅಕ್ವೇರಿಯಂ ಮೀನಿಗೆ ಬಿಳಿ ಚುಕ್ಕೆ ರೋಗ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಹಿನೀರಿನ ಅಲಂಕಾರಿಕ ಮೀನು ಸಾಕುವವರಿಗೆ ಒಂದಲ್ಲ ಒಂದು ದಿನ ಎದುರಾಗುವ ಕಾಯಿಲೆ ಇದು. ಸಾಕುವವರ ಬಾಯಲ್ಲಿ ಇದಕ್ಕೆ ‘ಇಕ್’ ಅನ್ನೋ ಚಿಕ್ಕ ಹೆಸರೂ ಇದೆ. ಬೇಗ ಗುರುತಿಸಿ, ಚಿಕಿತ್ಸೆ ಪೂರ್ತಿ ಮಾಡಿದರೆ ಹೆಚ್ಚಿನ ಮೀನುಗಳು ಉಳಿಯುತ್ತವೆ. ಹಾಗಿದ್ದೂ ಇಡೀ ಟ್ಯಾಂಕ್ ಖಾಲಿಯಾದದ್ದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಬಹುಪಾಲು ಎರಡೇ ಕಾರಣ. ಚುಕ್ಕೆ ಮಾಯವಾದ ಕೂಡಲೇ ಔಷಧಿ ನಿಲ್ಲಿಸುವುದು ಒಂದು. ಗಾಬರಿಯಲ್ಲಿ ಟ್ಯಾಂಕ್ ಪೂರ್ತಿ ತೊಳೆದುಬಿಡುವುದು ಇನ್ನೊಂದು. ಈ ಎರಡನ್ನೂ ತಪ್ಪಿಸಬೇಕು ಅಂತಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಇದು ಬಿಳಿ ಚುಕ್ಕೆ ರೋಗವೇ ಅಂತ ಹೇಗೆ ಗೊತ್ತಾಗುತ್ತದೆ?

ಮೀನಿನ ಮೈಮೇಲೆ, ರೆಕ್ಕೆಗಳ ಮೇಲೆ, ಬಾಲದ ಮೇಲೆ ಪುಡಿ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು ಕಾಣುತ್ತವೆ. ಒಂದೊಂದು ಚುಕ್ಕೆ ಹೆಚ್ಚೆಂದರೆ 1 ಮಿಲಿಮೀಟರ್. ಅಂಚು ಸ್ಪಷ್ಟವಾಗಿರುತ್ತದೆ, ಚರ್ಮದಿಂದ ಸ್ವಲ್ಪ ಉಬ್ಬಿರುತ್ತದೆ. ಪಾರದರ್ಶಕ ರೆಕ್ಕೆ ಇರುವ ಮೀನಾದರೆ ಮೊದಲು ಅಲ್ಲೇ ನೋಡಿ. ಟ್ಯಾಂಕಿನ ಲೈಟ್ ಆರಿಸಿ, ಪಕ್ಕದಿಂದ ಟಾರ್ಚ್ ಹಿಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ತಿಳಿ ಬಣ್ಣದ ಮೀನಿನಲ್ಲಿ ಹೀಗೆ ನೋಡದಿದ್ದರೆ ಮೊದಲ ಚುಕ್ಕೆಗಳು ಕಣ್ಣಿಗೆ ಬೀಳುವುದೇ ಇಲ್ಲ.

ನಡವಳಿಕೆಯೂ ಬದಲಾಗುತ್ತದೆ. ಮೀನು ಇದ್ದಕ್ಕಿದ್ದಂತೆ ಓರೆಯಾಗಿ ಹೋಗಿ ಕಲ್ಲಿಗೋ ಹೀಟರಿಗೋ ಮೈ ಉಜ್ಜಿಕೊಂಡು ಬರುತ್ತದೆ. ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ಒಂದು ಮೂಲೆಯಲ್ಲಿ ನಿಲ್ಲುತ್ತದೆ. ಊಟ ಕಡಿಮೆಯಾಗುತ್ತದೆ. ಎಷ್ಟೋ ಸಲ ಚುಕ್ಕೆ ಕಾಣುವ ಒಂದೆರಡು ದಿನ ಮೊದಲೇ ಈ ಉಜ್ಜಾಟ ಶುರುವಾಗಿರುತ್ತದೆ.

ಚುಕ್ಕೆಯೇ ಇಲ್ಲ, ಆದರೆ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದೆ. ಇದೂ ಅದೇ ಇರಬಹುದಾ?

ಇರಬಹುದು. ಈ ರೋಗ ತರುವ ಪರಾವಲಂಬಿಗೆ (ಮೀನಿನ ಮೈಯನ್ನೇ ತಿಂದು ಬದುಕುವ ಸಣ್ಣ ಜೀವಿ) ಕಿವಿರು ಅಂದರೆ ತುಂಬಾ ಅನುಕೂಲದ ಜಾಗ. ಅಲ್ಲಿ ಚರ್ಮ ತೆಳು, ರಕ್ತ ಹತ್ತಿರ. ಕಿವಿರಿನೊಳಗೆ ಮಾತ್ರ ಸೋಂಕು ಇದ್ದರೆ ಹೊರಗೆ ಒಂದು ಚುಕ್ಕೆಯೂ ಕಾಣದೆ ಮೀನು ಸತ್ತುಹೋಗಬಹುದು. ಕಿವಿರಿನ ಮುಚ್ಚಳ ಜೋರಾಗಿ ಬಡಿದುಕೊಳ್ಳುವುದು, ಫಿಲ್ಟರಿನ ನೀರು ಬೀಳುವ ಜಾಗದಲ್ಲೇ ನಿಂತುಬಿಡುವುದು ಇದರ ಸೂಚನೆ.

ಆದರೆ ಮೀನಿನ ತ್ಯಾಜ್ಯದಿಂದ ನೀರಿಗೆ ಸೇರುವ ವಿಷಗಳಾದ ಅಮೋನಿಯಾ ಅಥವಾ ನೈಟ್ರೈಟ್ ಏರಿದಾಗಲೂ, ಆಮ್ಲಜನಕ ಕಡಿಮೆಯಾದಾಗಲೂ ಮೀನು ಹೀಗೇ ಮಾಡುತ್ತದೆ. ಹಾಗಾಗಿ ಔಷಧಿ ಬಾಟಲಿಗೆ ಕೈ ಹಾಕುವ ಮೊದಲು ನೀರು ಪರೀಕ್ಷೆ ಮಾಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಇಲ್ಲದಿದ್ದರೆ ಮೊದಲ ಚಿಕಿತ್ಸೆ ನೀರು ಬದಲಿಸುವುದೇ.

ನನ್ನ ಗೋಲ್ಡ್‌ಫಿಶ್‌ಗೆ ಕಿವಿರಿನ ಮುಚ್ಚಳದ ಮೇಲೆ ಮಾತ್ರ ಬಿಳಿ ಚುಕ್ಕೆ ಇದೆ. ಚೆನ್ನಾಗಿ ತಿಂದುಕೊಂಡು ಓಡಾಡಿಕೊಂಡಿದೆ.

ಅದು ಗಂಡು ಮೀನು ಇರಬೇಕು. ಮರಿ ಮಾಡುವ ಕಾಲದಲ್ಲಿ ಗಂಡು ಗೋಲ್ಡ್‌ಫಿಶ್‌ಗೆ ಕಿವಿರಿನ ಮುಚ್ಚಳದ ಮೇಲೆ, ಎದೆಯ ಪಕ್ಕದ ರೆಕ್ಕೆಯ ಮೊದಲ ಗೆರೆಯ ಮೇಲೆ ಸಾಲಾಗಿ ಬಿಳಿ ಗುಳ್ಳೆಗಳು ಬರುತ್ತವೆ. ಅದು ರೋಗವಲ್ಲ. ಎರಡೂ ಕಡೆ ಒಂದೇ ರೀತಿ, ಅದೇ ಜಾಗದಲ್ಲಿ ಇದ್ದರೆ ಸುಮ್ನೆ ಬಿಟ್ಟುಬಿಡಿ. ಬಿಳಿ ಚುಕ್ಕೆ ರೋಗ ಹೀಗೆ ಸಾಲು ಹಿಡಿದು ಕೂರುವುದಿಲ್ಲ, ಎಲ್ಲೆಂದರಲ್ಲಿ ಬರುತ್ತದೆ.

ಗೊಂದಲ ಮಾಡುವ ಇನ್ನೂ ಕೆಲವು ಇವೆ. ಚುಕ್ಕೆ ತೀರಾ ಸಣ್ಣದಾಗಿ, ಹಳದಿ ಅಥವಾ ಕಂದು ಪುಡಿ ಮೈಗೆ ಅಂಟಿದಂತೆ ಕಂಡರೆ ಅದು ವೆಲ್ವೆಟ್ ರೋಗ. ಎಳೆ ಎಳೆಯಾಗಿ ಬಿಳಿ ಬೂಷ್ಟು ಬೆಳೆದಿದ್ದರೆ ಅದು ಫಂಗಸ್, ಅಥವಾ ಅದರಂತೆ ಕಾಣುವ ಬ್ಯಾಕ್ಟೀರಿಯಾ ಸೋಂಕು. ವಾರಗಟ್ಟಲೆ ಅದೇ ಜಾಗದಲ್ಲಿ ಕೂತು, ನಿಧಾನವಾಗಿ ದೊಡ್ಡದಾಗುವ ಗಂಟು ಲಿಂಫೋಸಿಸ್ಟಿಸ್ ಎಂಬ ವೈರಸ್ ಸೋಂಕಿನದು. ಬಿಳಿ ಚುಕ್ಕೆ ರೋಗದ ಗುಣವೇ ಬೇರೆ. ಇವತ್ತು ಇಲ್ಲಿದ್ದ ಚುಕ್ಕೆ ಮೂರ್ನಾಲ್ಕು ದಿನದಲ್ಲಿ ಇರುವುದಿಲ್ಲ, ಬೇರೆ ಕಡೆ ಹೊಸದು ಬಂದಿರುತ್ತದೆ. ಅನುಮಾನ ಇದ್ದರೆ ಚರ್ಮದ ಲೋಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಲ್ಲ ಮೀನು ವೈದ್ಯರಿಗೆ ತೋರಿಸಿ. ಕುದುರೆ ಲಾಳದ ಆಕಾರದ ಕೋಶಕೇಂದ್ರ ಕಂಡರೆ ಮತ್ತೆ ಅನುಮಾನವೇ ಬೇಡ.

ಈ ರೋಗ ಯಾವುದರಿಂದ ಬರುತ್ತದೆ?

ಇಕ್ತಿಯೋಫ್ತೀರಿಯಸ್ ಮಲ್ಟಿಫಿಲಿಸ್ ಅನ್ನುವ ಏಕಕೋಶ ಜೀವಿಯಿಂದ. 1876ರಿಂದಲೇ ಇದಕ್ಕೆ ಈ ಹೆಸರಿದೆ. ಇದು ಬ್ಯಾಕ್ಟೀರಿಯಾ ಅಲ್ಲ, ಫಂಗಸ್ ಅಲ್ಲ, ಹುಳುವೂ ಅಲ್ಲ. ಇದರ ಬದುಕು ಮೂರು ಹಂತದಲ್ಲಿ ನಡೆಯುತ್ತದೆ. ಈ ಪುಟದಲ್ಲಿ ಒಂದೇ ಒಂದು ಭಾಗ ಓದುವಷ್ಟು ಸಮಯ ಇದ್ದರೆ ಇದನ್ನೇ ಓದಿ.

ಮೊದಲ ಹಂತದಲ್ಲಿ ಅದು ಮೀನಿನ ಚರ್ಮದ ಮೇಲ್ಪದರದ *ಒಳಗೆ* ಕೂತು ತಿಂದು ಬೆಳೆಯುತ್ತದೆ. ನಮಗೆ ಕಾಣುವ ಬಿಳಿ ಚುಕ್ಕೆ ಇದೇ. ಮೇಲೆ ಮೀನಿನದೇ ಚರ್ಮ ಮುಚ್ಚಿಕೊಂಡಿರುವುದರಿಂದ ನೀರಿಗೆ ಹಾಕಿದ ಔಷಧಿ ಅದನ್ನು ಮುಟ್ಟುವುದಿಲ್ಲ.

ಬೆಳೆದು ಮುಗಿದ ಮೇಲೆ ಚರ್ಮ ಒಡೆದು ಹೊರಬಂದು ಕೆಳಗೆ ಇಳಿಯುತ್ತದೆ. ಜಲ್ಲಿಗೆ, ಗಿಡಕ್ಕೆ, ಗಾಜಿಗೆ ಅಂಟಿಕೊಂಡು ಸುತ್ತ ಒಂದು ಅಂಟು ಹೊದಿಕೆ ಕಟ್ಟಿಕೊಳ್ಳುತ್ತದೆ. ಆ ಹೊದಿಕೆಯೊಳಗೆ ಅದು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತಾ ಹೋಗುತ್ತದೆ. 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರಿನಲ್ಲಿ ಸುಮಾರು ಒಂದು ದಿನದಲ್ಲಿ ಒಂದು ಚುಕ್ಕೆಯಿಂದ ನೂರಾರು ಮರಿಗಳು, ಕೆಲವೊಮ್ಮೆ ಸಾವಿರದವರೆಗೂ. ಈ ಹಂತದಲ್ಲೂ ಹೊದಿಕೆ ಅದನ್ನು ಔಷಧಿಯಿಂದ ಕಾಪಾಡುತ್ತದೆ.

ಮೂರನೆಯ ಹಂತದಲ್ಲಿ ಮರಿಗಳು ಹೊದಿಕೆ ಒಡೆದು ನೀರಿನಲ್ಲಿ ಈಜುತ್ತಾ ಮೀನನ್ನು ಹುಡುಕುತ್ತವೆ. ಅವುಗಳ ಅಳತೆ 1 ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ, ಬರಿಗಣ್ಣಿಗೆ ಕಾಣುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ಸುಮಾರು ಎರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ಉಪ್ಪು, ಔಷಧಿ ಎಲ್ಲ ಕೆಲಸ ಮಾಡುವುದು ಇವುಗಳ ಮೇಲೆ ಮಾತ್ರ.

ಅಂದರೆ ನಾವು ಚಿಕಿತ್ಸೆ ಕೊಡುತ್ತಿರುವುದು ಮೈಮೇಲಿನ ಚುಕ್ಕೆಗಲ್ಲ, ನೀರಿಗೆ. ಎಲ್ಲ ಚುಕ್ಕೆಗಳೂ ಉದುರಿ, ಒಡೆದು, ಮರಿಗಳು ಹೊರಬರುವ ತನಕ ನೀರಿನಲ್ಲಿ ಔಷಧಿ ಇರಲೇಬೇಕು. 24ರಿಂದ 26 ಡಿಗ್ರಿಯಲ್ಲಿ ಒಂದು ಸುತ್ತು ಒಂದು ವಾರದೊಳಗೆ ಮುಗಿಯುತ್ತದೆ. 10 ಡಿಗ್ರಿಯ ತಣ್ಣೀರಿನಲ್ಲಿ ಅದಕ್ಕೆ ತಿಂಗಳಿಗೂ ಜಾಸ್ತಿ ಬೇಕು.

ಚುಕ್ಕೆಗಳು ತಾವಾಗಿಯೇ ಹೋದವು. ಇನ್ನು ಚಿಂತೆ ಇಲ್ಲ ಅಲ್ವಾ?

ಈಗಲೇ ಚಿಂತೆ ಮಾಡಬೇಕಾದದ್ದು. ಚುಕ್ಕೆಗಳು ಹೋದದ್ದು ಸತ್ತಲ್ಲ, ಮರಿ ಹಾಕಲು ಕೆಳಗೆ ಇಳಿದದ್ದು. ಕೆಲವೇ ದಿನಗಳಲ್ಲಿ ಹತ್ತು ಪಟ್ಟು, ನೂರು ಪಟ್ಟು ಜಾಸ್ತಿಯಾಗಿ ಬರಬಹುದು. ಮೊದಲ ಸುತ್ತಿನಲ್ಲಿ ನಾಲ್ಕೈದು ಚುಕ್ಕೆ ಇದ್ದ ಮೀನು ಎರಡನೇ ಸುತ್ತಿನಲ್ಲಿ ಮೈತುಂಬಾ ಚುಕ್ಕೆ ಹೊತ್ತು ನಿಲ್ಲುವುದು ಹೀಗೆ. ಮೀನು ಚೇತರಿಸಿಕೊಂಡಂತೆ ಕಾಣುವ ಆ ಎರಡು ಮೂರು ದಿನಗಳೇ ಚಿಕಿತ್ಸೆ ಶುರು ಮಾಡಲು ಒಳ್ಳೆಯ ಸಮಯ.

ಒಂದೇ ಮೀನಿಗೆ ಬಂದಿದೆ. ಅದನ್ನು ಬೇರೆ ಪಾತ್ರೆಗೆ ಹಾಕಿದರೆ ಸಾಕಾ?

ಸಾಲದು. ಒಂದು ಮೀನಿನ ಮೇಲೆ ಚುಕ್ಕೆ ಕಂಡಿದೆ ಅಂದರೆ ಟ್ಯಾಂಕಿನಲ್ಲಿ ಪರಾವಲಂಬಿ ಆಗಲೇ ಇದೆ. ಉಳಿದ ಮೀನುಗಳಿಗೂ ಅಂಟಿರುತ್ತದೆ, ಇನ್ನೂ ಕಣ್ಣಿಗೆ ಕಾಣುವಷ್ಟು ಬೆಳೆದಿರುವುದಿಲ್ಲ ಅಷ್ಟೇ. ಇಡೀ ಟ್ಯಾಂಕಿಗೇ ಚಿಕಿತ್ಸೆ ಕೊಡಬೇಕು. ಒಂದು ವೇಳೆ ಸೀಗಡಿ, ಗಿಡ ಇರುವ ಕಾರಣಕ್ಕೆ ಬೇರೆ ಟ್ಯಾಂಕಿನಲ್ಲಿ ಚಿಕಿತ್ಸೆ ಮಾಡುವುದೇ ಆದರೆ *ಎಲ್ಲ* ಮೀನುಗಳನ್ನೂ ಅಲ್ಲಿಗೆ ಸಾಗಿಸಿ. ಹಳೇ ಟ್ಯಾಂಕಿನಲ್ಲಿ ಒಂದು ಮೀನೂ ಇರಬಾರದು.

ಚುಕ್ಕೆ ಕಂಡ ದಿನವೇ ಏನೇನು ಮಾಡಬೇಕು?

ಅಮೋನಿಯಾ, ನೈಟ್ರೈಟ್ ನೋಡಿ. ಥರ್ಮಾಮೀಟರಿನಲ್ಲಿ ನೀರಿನ ಶಾಖ ನೋಡಿ ಬರೆದಿಟ್ಟುಕೊಳ್ಳಿ. ಕಾಲುಭಾಗ ನೀರನ್ನು ಜಲ್ಲಿಯೊಳಗಿಂದ ಸೈಫನ್ ಪೈಪಿನಲ್ಲಿ ಎಳೆದು ತೆಗೆಯಿರಿ. ಕೆಳಗೆ ಅಂಟಿಕೊಂಡ ಹೊದಿಕೆಗಳು ಒಂದಷ್ಟು ಹಾಗೇ ಹೋಗುತ್ತವೆ. ಹೊಸ ನೀರು ಅದೇ ಶಾಖದ್ದಾಗಿರಲಿ, ಕ್ಲೋರಿನ್ ತೆಗೆದದ್ದಾಗಿರಲಿ. ಏರ್ ಪಂಪ್ ಇಲ್ಲದಿದ್ದರೆ ಒಂದು ತಂದು ಹಾಕಿ. ಇದ್ದರೆ ಇನ್ನೊಂದು ಏರ್ ಸ್ಟೋನ್ ಸೇರಿಸಿ. ಕಿವಿರು ಹಾಳಾದ ಮೀನಿಗೆ ಆಮ್ಲಜನಕ ಎಷ್ಟಿದ್ದರೂ ಸಾಲದು.

ಬಲೆ, ಪೈಪು, ಬಕೆಟ್ಟು ಈ ಟ್ಯಾಂಕಿಗೇ ಬೇರೆ ಇಡಿ. ಒದ್ದೆ ಬಲೆಯಲ್ಲಿ, ಒದ್ದೆ ಕೈಯಲ್ಲಿ ರೋಗ ಪಕ್ಕದ ಟ್ಯಾಂಕಿಗೆ ಹೋಗುತ್ತದೆ. ಪೂರ್ತಿ ಒಣಗಿದರೆ ಪರಾವಲಂಬಿ ಸಾಯುತ್ತದೆ, ಹಾಗಾಗಿ ಬಳಸಿದ ಸಾಮಾನನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ.

ನೀರು ಬಿಸಿ ಮಾಡಿದರೆ ವಾಸಿಯಾಗುತ್ತದಂತೆ, ನಿಜವಾ?

ಭಾಗಶಃ ನಿಜ. ಶಾಖ ಏರಿಸುವುದರಿಂದ ಎರಡು ಬೇರೆ ಬೇರೆ ಕೆಲಸ ಆಗುತ್ತದೆ. 27, 28 ಡಿಗ್ರಿಗೆ ಏರಿಸಿದರೆ ಪರಾವಲಂಬಿ ಬೇಗ ಬೆಳೆದು ಬೇಗ ಉದುರುತ್ತದೆ, ಔಷಧಿಗೆ ಬೇಗ ಸಿಗುತ್ತದೆ. ಇಲ್ಲಿ ಶಾಖ ಒಂದೇ ಸಾಲದು, ಔಷಧಿಯೋ ಉಪ್ಪೋ ಜೊತೆಗೆ ಇರಲೇಬೇಕು. ಇಲ್ಲದಿದ್ದರೆ ನಾವೇ ರೋಗಕ್ಕೆ ವೇಗ ಕೊಟ್ಟ ಹಾಗಾಗುತ್ತದೆ. 30 ಡಿಗ್ರಿ ಅಥವಾ ಸ್ವಲ್ಪ ಮೇಲಕ್ಕೆ ಏರಿಸಿ ಅಲ್ಲೇ ಹತ್ತು ಹದಿನಾಲ್ಕು ದಿನ ಇಟ್ಟರೆ ಪರಾವಲಂಬಿಯ ಬಹಳಷ್ಟು ತಳಿಗಳು ಮರಿ ಮಾಡುವುದನ್ನೇ ನಿಲ್ಲಿಸುತ್ತವೆ. ಶಾಖ ತಡೆದುಕೊಳ್ಳುವ ತಳಿಗಳೂ ಇವೆ, ಅದಕ್ಕೇ ನಾನು ಶಾಖವನ್ನೊಂದನ್ನೇ ನಂಬುವುದಿಲ್ಲ.

ಏರಿಸುವಾಗ ನಿಧಾನ ಬೇಕು. ಕೆಲವು ಗಂಟೆಗೆ 1 ಡಿಗ್ರಿ, ದಿನಕ್ಕೆ ಎರಡು ಮೂರು ಡಿಗ್ರಿ ಸಾಕು. ಗೋಲ್ಡ್‌ಫಿಶ್, ಕೊಯ್ ಥರದ ತಣ್ಣೀರಿನ ಮೀನಿಗೆ 30 ಡಿಗ್ರಿ ಬೇಡ. ಆಗಲೇ ಉಸಿರಿಗೆ ಒದ್ದಾಡುತ್ತಿರುವ ಮೀನಿಗೂ ಬೇಡ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 25 ಡಿಗ್ರಿಯಲ್ಲಿ ಲೀಟರಿಗೆ 8.3 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ 7.6 ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಇತ್ತ ಶಾಖ ಏರಿದಂತೆ ಮೀನಿಗೆ ಆಮ್ಲಜನಕ ಜಾಸ್ತಿ ಬೇಕಾಗುತ್ತದೆ.

ಉಪ್ಪು ಹಾಕುವುದು ಹೇಗೆ? ಎಷ್ಟು?

ಸೋಂಕು ಇನ್ನೂ ಕಡಿಮೆ ಇದ್ದಾಗ ನಾನು ಮೊದಲು ಹೇಳುವುದು ಉಪ್ಪನ್ನೇ. ಅಳತೆ ತಪ್ಪದಿದ್ದರೆ ಔಷಧಿಗಳಿಗಿಂತ ಸೌಮ್ಯ, ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುವುದಿಲ್ಲ. ಲೀಟರಿಗೆ 1ರಿಂದ 3 ಗ್ರಾಂ ಅನ್ನುವುದು ರೂಢಿಯ ಅಳತೆ. ಹೆಚ್ಚಿನ ಮೀನುಗಳಿಗೆ 2 ಗ್ರಾಂ ಸರಿಹೋಗುತ್ತದೆ. ಏನೂ ಬೆರೆಸದ ಸಾದಾ ಉಪ್ಪು, ಕಲ್ಲುಪ್ಪು ಆದೀತು. ಚಮಚದಲ್ಲಿ ಅಳೆಯಬೇಡಿ. ಹರಳು ದಪ್ಪ ಇದ್ದರೆ ಒಂದು ತೂಕ, ಪುಡಿಯಾದರೆ ಇನ್ನೊಂದು ತೂಕ ಬರುತ್ತದೆ. ತಕ್ಕಡಿಯಲ್ಲೇ ತೂಗಿ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಟ್ಯಾಂಕ್ 60 ಸೆಂಟಿಮೀಟರ್ ಉದ್ದ, 30 ಅಗಲ, ನೀರಿನ ಮಟ್ಟ 35 ಅಂತಿಟ್ಟುಕೊಳ್ಳಿ. ಮೂರನ್ನೂ ಗುಣಿಸಿ 1000ದಿಂದ ಭಾಗಿಸಿದರೆ 63 ಲೀಟರ್. ಜಲ್ಲಿ, ಕಲ್ಲು ತುಂಬಿದ ಜಾಗ ಕಳೆದರೆ ನಿಜವಾದ ನೀರು ಸುಮಾರು 55 ಲೀಟರ್. ಲೀಟರಿಗೆ 2 ಗ್ರಾಂನಂತೆ 110 ಗ್ರಾಂ ಉಪ್ಪು ಬೇಕು. ಇದನ್ನು ಮೂರು ಪಾಲು ಮಾಡಿ. ಒಂದೊಂದು ಪಾಲನ್ನು ಟ್ಯಾಂಕಿನದೇ ನೀರಿನಲ್ಲಿ ಬಕೆಟ್ಟಿನಲ್ಲಿ ಪೂರ್ತಿ ಕರಗಿಸಿ, ಫಿಲ್ಟರಿನ ನೀರು ಬೀಳುವ ಕಡೆ ನಿಧಾನವಾಗಿ ಸುರಿಯಿರಿ. ಪಾಲು ಪಾಲಿನ ನಡುವೆ ಹನ್ನೆರಡು ಗಂಟೆ ಬಿಡಿ. ಹರಳುಗಳನ್ನು ನೇರವಾಗಿ ಎಸೆದರೆ ಕೆಳಗೆ ಮಲಗುವ ಮೀನಿನ ಮೈ ಸುಡುತ್ತದೆ.

ಮುಂದೆ ನೆನಪಿಡಬೇಕಾದದ್ದು ಒಂದು: ಉಪ್ಪು ಆವಿಯಾಗುವುದಿಲ್ಲ. ನೀರು ಆರಿ ಮಟ್ಟ ಇಳಿದರೆ ಸಾದಾ ನೀರು ತುಂಬಿಸಿ. ಬದಲಾಯಿಸಿದ ನೀರಿಗೆ ಮಾತ್ರ ಲೆಕ್ಕ ಹಾಕಿ ಉಪ್ಪು ಸೇರಿಸಿ. ಮೇಲಿನ ಟ್ಯಾಂಕಿನಲ್ಲಿ 15 ಲೀಟರ್ ಬದಲಿಸಿದರೆ ಹೊಸ ನೀರಿಗೆ 30 ಗ್ರಾಂ. ಪ್ರತಿ ಸಲ 110 ಗ್ರಾಂ ಹಾಕುತ್ತಾ ಹೋದರೆ ಮೀನು ಉಳಿಯುವುದಿಲ್ಲ. ಇನ್ನೊಂದು ಎಚ್ಚರಿಕೆ, ಫಿಲ್ಟರಿನಲ್ಲಿ ಜಿಯೋಲೈಟ್ (ಅಮೋನಿಯಾ ಹೀರುವ ಕಲ್ಲು) ಇದ್ದರೆ ಉಪ್ಪು ಹಾಕುವ ಮೊದಲು ತೆಗೆದಿಡಿ. ಹಿಡಿದಿಟ್ಟುಕೊಂಡ ಅಮೋನಿಯಾವನ್ನು ಅದು ಉಪ್ಪುನೀರಿನಲ್ಲಿ ವಾಪಸ್ ಬಿಟ್ಟುಬಿಡುತ್ತದೆ.

ಔಷಧಿ ಯಾವುದು? ಬಳಸುವಾಗ ಏನು ಗಮನಿಸಬೇಕು?

ಈ ರೋಗಕ್ಕೆ ಸಿಗುವ ಬಾಟಲಿಗಳಲ್ಲಿ ಹೆಚ್ಚಾಗಿ ಇರುವುದು ಮಲಾಕೈಟ್ ಗ್ರೀನ್, ಫಾರ್ಮಲಿನ್, ಅಥವಾ ಎರಡೂ ಸೇರಿದ್ದು. ಎರಡೂ ಸೇರಿದ್ದು ಬಹಳ ಪರಿಣಾಮಕಾರಿ. ಮೆಥಿಲೀನ್ ಬ್ಲೂ ಕೂಡ ಬಳಸುತ್ತಾರೆ. ಆದರೆ ಅದು ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಗೆ, ಗಿಡಕ್ಕೆ ಹಾನಿ ಮಾಡುತ್ತದೆ. ಬೇರೆ ಚಿಕಿತ್ಸಾ ಟ್ಯಾಂಕ್ ಇದ್ದರೆ ಮಾತ್ರ ಅದು ಸರಿ.

ಪ್ರಮಾಣಕ್ಕೆ ಬಾಟಲಿಯ ಚೀಟಿಯೇ ಆಧಾರ. ಒಂದೊಂದು ಕಂಪನಿಯ ದ್ರಾವಣದ ಗಾಢತೆ ಒಂದೊಂದು ಥರ ಇರುತ್ತದೆ, ಹಾಗಾಗಿ ಬೇರೆಯವರು ಹೇಳಿದ ಹನಿ ಲೆಕ್ಕ ನಿಮ್ಮ ಬಾಟಲಿಗೆ ಹೊಂದುವುದಿಲ್ಲ. ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೆಯಿರಿ. ಟ್ಯಾಂಕಿನ ಹೆಸರಿಗಿರುವ ಲೀಟರ್ ಅಲ್ಲ, ಮೇಲೆ ಲೆಕ್ಕ ಹಾಕಿದ ಹಾಗೆ ನಿಜವಾದ ನೀರನ್ನೇ ಹಿಡಿಯಿರಿ.

ಫಿಲ್ಟರಿನಿಂದ ಆಕ್ಟಿವೇಟೆಡ್ ಕಾರ್ಬನ್ ತೆಗೆಯಿರಿ, ಅದು ಔಷಧಿಯನ್ನು ಹೀರಿಕೊಂಡುಬಿಡುತ್ತದೆ. ಎಷ್ಟೋ ಜನರ ಔಷಧಿ ಕೆಲಸ ಮಾಡದಿರಲು ಇದೇ ಕಾರಣ. ಫಿಲ್ಟರ್ ಮಾತ್ರ ಓಡುತ್ತಲೇ ಇರಲಿ. ಯುವಿ ದೀಪ ಇದ್ದರೆ ಆರಿಸಿ. ಮಲಾಕೈಟ್ ಗ್ರೀನ್ ಬೆಳಕಿಗೆ ಒಡೆಯುತ್ತದೆ, ಹಾಗಾಗಿ ಟ್ಯಾಂಕಿನ ಲೈಟೂ ಆರಿಸಿಡುವುದು ಒಳ್ಳೆಯದು. ಎರಡನೇ ಸಲ ಹಾಕುವ ಮೊದಲು ಚೀಟಿಯಲ್ಲಿ ಹೇಳಿದಷ್ಟು ನೀರು ಬದಲಿಸಿ.

ಫಾರ್ಮಲಿನ್ ನೀರಿನ ಆಮ್ಲಜನಕವನ್ನು ಕಡಿಮೆ ಮಾಡುತ್ತದೆ. ಅದನ್ನು ಹಾಕಿದಾಗ ಗಾಳಿ ಜೋರಾಗಿ ಬಿಡಬೇಕು, ನೀರಿನ ಶಾಖ 30ಕ್ಕೆ ಏರಿಸಬಾರದು. ಬಾಟಲಿಯ ತಳದಲ್ಲಿ ಬಿಳಿ ಗಸಿ ಕಟ್ಟಿದ್ದರೆ ಆ ಫಾರ್ಮಲಿನ್ ಬಳಸಲೇಬೇಡಿ. ಆ ಗಸಿ ಮೀನಿಗೆ ತುಂಬಾ ವಿಷ. ಪೊಟ್ಯಾಸಿಯಂ ಪರ್ಮಾಂಗನೇಟ್ ಜೊತೆ ಫಾರ್ಮಲಿನ್ ಯಾವತ್ತೂ ಸೇರಬಾರದು. ನಮ್ಮ ಆರೋಗ್ಯವೂ ಮುಖ್ಯ. ಫಾರ್ಮಲಿನ್ ಆವಿ ಕಣ್ಣಿಗೆ, ಶ್ವಾಸಕೋಶಕ್ಕೆ ಕೆಟ್ಟದ್ದು, ಕ್ಯಾನ್ಸರ್‌ಕಾರಕ ಕೂಡ. ಗ್ಲೌಸ್ ಹಾಕಿ, ಕಿಟಕಿ ತೆಗೆದು ಕೆಲಸ ಮಾಡಿ. ಬಾಟಲಿಗಳು ಮಕ್ಕಳ ಕೈಗೆ ಸಿಗದಿರಲಿ.

ತಿನ್ನಲು ಸಾಕಿದ ಮೀನಿಗೆ ಮಲಾಕೈಟ್ ಗ್ರೀನ್ ಮುಟ್ಟಿಸಲೇಬಾರದು. ಅದು ಮಾಂಸದಲ್ಲಿ ಬಹಳ ಕಾಲ ಉಳಿಯುತ್ತದೆ.

ಕ್ಲೌನ್ ಲೋಚ್, ಕೋರಿಡೋರಸ್ (ಸಣ್ಣ ಕ್ಯಾಟ್‌ಫಿಶ್), ಟೆಟ್ರಾ ಇವೆ. ಇವಕ್ಕೂ ಅದೇ ಪ್ರಮಾಣವಾ?

ಲೋಚ್‌ಗಳು, ಕ್ಯಾಟ್‌ಫಿಶ್‌ಗಳು, ಸಣ್ಣ ಟೆಟ್ರಾಗಳು ಮಲಾಕೈಟ್ ಗ್ರೀನನ್ನು ಸರಿಯಾಗಿ ತಡೆದುಕೊಳ್ಳುವುದಿಲ್ಲ. ಹೆಚ್ಚಿನ ಬಾಟಲಿಗಳ ಮೇಲೆ ಇಂಥ ಮೀನಿಗೆ ಅರ್ಧ ಪ್ರಮಾಣ ಅಂತ ಬರೆದಿರುತ್ತದೆ, ಅದನ್ನು ಪಾಲಿಸಿ. ಉಪ್ಪನ್ನೂ ಲೀಟರಿಗೆ 1 ಗ್ರಾಂನಿಂದ ಶುರು ಮಾಡಿ, ಮೀನು ಹೇಗಿದೆ ನೋಡಿಕೊಂಡು ಏರಿಸಿ. ಕ್ಲೌನ್ ಲೋಚ್‌ಗೆ ಈ ರೋಗ ಬರುವುದೇ ಜಾಸ್ತಿ. ಟ್ಯಾಂಕಿನಲ್ಲಿ ಎಲ್ಲರಿಗಿಂತ ಮೊದಲು ಚುಕ್ಕೆ ಕಾಣುವುದು ಅದರ ಮೇಲೇ. ಬಿಸಿ ನೀರನ್ನು ಅದು ಚೆನ್ನಾಗಿ ತಡೆಯುವುದರಿಂದ ಅದಕ್ಕೆ ಶಾಖದ ದಾರಿ ಒಗ್ಗುತ್ತದೆ.

ಗಿಡ, ಸೀಗಡಿ, ಬಸವನಹುಳು ಇದ್ದರೆ?

ಸೀಗಡಿ, ಬಸವನಹುಳುಗಳಿಗೆ ಈ ರೋಗ ಬರುವುದಿಲ್ಲ. ಆದರೆ ತಾಮ್ರ ಇರುವ ಔಷಧಿ ಅವನ್ನು ಕೊಲ್ಲುತ್ತದೆ, ಮಲಾಕೈಟ್ ಗ್ರೀನ್, ಫಾರ್ಮಲಿನ್ ಕೂಡ ಅಪಾಯವೇ. ಸುಲಭದ ದಾರಿ ಅಂದರೆ ಮೀನುಗಳನ್ನೆಲ್ಲ ಬೇರೆ ಟ್ಯಾಂಕಿಗೆ ಹಾಕಿ ಅಲ್ಲಿ ಚಿಕಿತ್ಸೆ ಮಾಡುವುದು. ಗಿಡ, ಸೀಗಡಿ ಇದ್ದಲ್ಲೇ ಇರಲಿ. ಮೀನಿಲ್ಲದ ಟ್ಯಾಂಕಿನಲ್ಲಿ ಪರಾವಲಂಬಿ ತಾನಾಗಿ ಸಾಯುತ್ತದೆ. ಎಳೆ ಎಲೆಯ ಗಿಡಗಳು ಉಪ್ಪಿಗೆ ಬಾಡಬಹುದು.

ಔಷಧಿ ಹಾಕಿ ಎರಡು ದಿನ ಆಯಿತು. ಚುಕ್ಕೆ ಕಡಿಮೆಯಾಗುವ ಬದಲು ಜಾಸ್ತಿಯಾಗಿದೆ!

ಗಾಬರಿಯಾಗಬೇಡಿ. ಔಷಧಿ ಹಾಕುವ ಮೊದಲೇ ಚರ್ಮದೊಳಗೆ ಸೇರಿದ್ದ ಸಣ್ಣ ಪರಾವಲಂಬಿಗಳು ಈಗ ಬೆಳೆದು ಕಾಣಿಸುತ್ತಿವೆ. ಔಷಧಿ ಸೋತಿತು ಅಂತ ಅಲ್ಲ. ಇಲ್ಲಿಯೇ ಬಹಳ ಜನ ಆ ಔಷಧಿ ಬಿಟ್ಟು ಇನ್ನೊಂದು ಹಾಕುತ್ತಾರೆ, ಇಲ್ಲ ಪ್ರಮಾಣ ದುಪ್ಪಟ್ಟು ಮಾಡುತ್ತಾರೆ. ಎರಡೂ ಬೇಡ. ಹೊಸದಾಗಿ ಅಂಟುವುದು ನಿಂತಿದೆಯೇ ಅಂತ ತಿಳಿಯಲು 25 ಡಿಗ್ರಿಯಲ್ಲಿ ಐದಾರು ದಿನವಾದರೂ ಕಾಯಬೇಕು. ವಾರ ಕಳೆದರೂ ಹೊಸ ಚುಕ್ಕೆ ಬರುತ್ತಲೇ ಇದ್ದರೆ ಆಗ ಕಾರ್ಬನ್ ಉಳಿದಿದೆಯಾ, ನೀರಿನ ಲೆಕ್ಕ ತಪ್ಪಿದೆಯಾ, ಔಷಧಿ ಹಳೆಯದಾ ಅಂತ ನೋಡಿ.

ಒಟ್ಟು ಎಷ್ಟು ದಿನ ಚಿಕಿತ್ಸೆ ಮಾಡಬೇಕು?

ಕೊನೆಯ ಚುಕ್ಕೆ ಕಣ್ಣಿಗೆ ಬಿದ್ದ ದಿನದಿಂದ ಲೆಕ್ಕ ಹಾಕಿ. ಬೆಚ್ಚಗಿನ ನೀರಿನಲ್ಲಿ ಅಲ್ಲಿಂದ ಮುಂದೆ ಕಡಿಮೆ ಅಂದರೂ ಐದು ದಿನ, ಒಂದು ವಾರ ಆದರೆ ಇನ್ನೂ ಒಳ್ಳೆಯದು. ಒಟ್ಟಾರೆ ಹತ್ತರಿಂದ ಹದಿನಾಲ್ಕು ದಿನ ಆಗುತ್ತದೆ. 20 ಡಿಗ್ರಿಗಿಂತ ತಣ್ಣಗಿನ ನೀರಾದರೆ ಇದರ ಎರಡು ಪಟ್ಟೋ ಅದಕ್ಕೂ ಜಾಸ್ತಿಯೋ ಬೇಕು. ಮೈಮೇಲೆ ಚುಕ್ಕೆ ಇಲ್ಲದಿದ್ದರೂ ಕಿವಿರಿನೊಳಗೆ ಇರಬಹುದು. ಆದ್ದರಿಂದಲೇ ಈ ಹೆಚ್ಚಿನ ದಿನಗಳು. ಮುಗಿದ ಮೇಲೆ ಕಾರ್ಬನ್ ವಾಪಸ್ ಹಾಕಿ ಔಷಧಿ ತೆಗೆಯಿರಿ. ಉಪ್ಪನ್ನು ಕಾರ್ಬನ್ ತೆಗೆಯುವುದಿಲ್ಲ, ಎರಡು ಮೂರು ಸಲ ನೀರು ಬದಲಿಸಿಯೇ ಇಳಿಸಬೇಕು.

ಟ್ಯಾಂಕ್ ಖಾಲಿ ಮಾಡಿ, ಎಲ್ಲ ತೊಳೆದು ಹೊಸ ನೀರು ಹಾಕಿದರೆ ಒಂದೇ ದಿನದಲ್ಲಿ ಮುಗಿಯುವುದಿಲ್ಲವಾ?

ಮುಗಿಯುವುದಿಲ್ಲ. ಪರಾವಲಂಬಿ ಮೀನಿನ ಮೈಯಲ್ಲೇ ಇದೆ. ಅದೇ ಮೀನನ್ನು ತೊಳೆದ ಟ್ಯಾಂಕಿಗೆ ಬಿಟ್ಟರೆ ಮೂರ್ನಾಲ್ಕು ದಿನದಲ್ಲಿ ಮತ್ತೆ ಶುರು.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ, ಜಲ್ಲಿಯಲ್ಲಿ ಬದುಕುತ್ತವೆ. ಅವನ್ನೆಲ್ಲ ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆದರೆ ಆ ಬ್ಯಾಕ್ಟೀರಿಯಾ ಸಾಯುತ್ತವೆ. ಅವು ಮತ್ತೆ ಬೆಳೆಯಲು ವಾರಗಳೇ ಬೇಕು. ಅಷ್ಟರಲ್ಲಿ ಅಮೋನಿಯಾ ಏರುತ್ತದೆ. ರೋಗದಿಂದ ಕಿವಿರು ಹಾಳಾಗಿರುವ ಮೀನಿನ ಕಿವಿರನ್ನು ಅಮೋನಿಯಾ ಇನ್ನಷ್ಟು ಸುಡುತ್ತದೆ. ಹೀಗೆ ಸತ್ತ ಮೀನನ್ನು ನೋಡಿ ‘ಇಕ್ ಕೊಂದಿತು’ ಅನ್ನುತ್ತಾರೆ. ನನಗೆ ಇದು ತುಂಬಾ ಸಂಕಟ ಕೊಡುವ ವಿಷಯ, ಯಾಕೆಂದರೆ ಆ ಮೀನುಗಳು ಉಳಿಯುತ್ತಿದ್ದವು. ಸ್ಪಂಜು ಕಟ್ಟಿಕೊಂಡಿದ್ದರೆ ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಒಮ್ಮೆ ಹಿಂಡಿ ವಾಪಸ್ ಹಾಕಿ, ಸಾಕು.

ಈ ಸಮಯದಲ್ಲಿ ಊಟ ಹಾಕಬಹುದಾ?

ಹಾಕಿ, ಕಡಿಮೆ ಹಾಕಿ. ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಉಳಿದದ್ದನ್ನು ತೆಗೆಯಿರಿ.

ಆಂಟಿಬಯಾಟಿಕ್ ಹಾಕಿದರೆ? ಬೆಳ್ಳುಳ್ಳಿ ಒಳ್ಳೆಯದಂತೆ?

ಆಂಟಿಬಯಾಟಿಕ್ ಬ್ಯಾಕ್ಟೀರಿಯಾಗೆ, ಈ ಜೀವಿಗೆ ಅಲ್ಲ. ಸುಮ್ನೆ ಹಾಕಿದರೆ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಗೆ ಪೆಟ್ಟು ಬೀಳಬಹುದು. ಚುಕ್ಕೆ ಉದುರಿದ ಗಾಯಗಳಲ್ಲಿ ಆಮೇಲೆ ಬ್ಯಾಕ್ಟೀರಿಯಾ ಸೋಂಕಾಗಿ ರೆಕ್ಕೆ ಕೊಳೆಯುತ್ತಿದ್ದರೆ ಮೀನು ವೈದ್ಯರು ಹೇಳಿದಂತೆ ಬಳಸಬಹುದು. ಹುಳುವಿನ ಔಷಧಿಯೂ ಇದಕ್ಕೆ ನಾಟುವುದಿಲ್ಲ. ಬೆಳ್ಳುಳ್ಳಿ ಬೆರೆಸಿದ ಆಹಾರವನ್ನು ಮೀನು ಇಷ್ಟಪಟ್ಟು ತಿನ್ನಬಹುದು, ಅದನ್ನೇ ಚಿಕಿತ್ಸೆ ಅಂದುಕೊಂಡು ಕೂತರೆ ಅಮೂಲ್ಯವಾದ ದಿನಗಳು ಕಳೆದುಹೋಗುತ್ತವೆ.

ಹಳೇ ಮೀನುಗಳಿಗೆ ಏನೂ ಇಲ್ಲ. ಹೊಸದಾಗಿ ತಂದ ಮೀನಿಗೆ ಮಾತ್ರ ಚುಕ್ಕೆ ಬಂತು. ಅದು ಹೇಗೆ?

ಎರಡು ಸಾಧ್ಯತೆ. ಹೊಸ ಮೀನೇ ಹೊತ್ತು ತಂದಿರಬಹುದು. ಇಲ್ಲವೇ ನಿಮ್ಮ ಹಳೇ ಮೀನುಗಳಿಗೆ ಹಿಂದೆ ಈ ರೋಗ ಬಂದು ಹೋಗಿರಬಹುದು. ಒಮ್ಮೆ ಬಂದು ಬದುಕಿದ ಮೀನಿಗೆ ಮುಂದೆ ಬಹಳ ಕಾಲ ರೋಗನಿರೋಧಕ ಶಕ್ತಿ ಇರುತ್ತದೆ. ಅಂಥ ಮೀನಿನ ಕಿವಿರಿನಲ್ಲಿ ಒಂದೆರಡು ಪರಾವಲಂಬಿ ಸದ್ದಿಲ್ಲದೆ ಬದುಕಿಕೊಂಡಿರಬಹುದು. ಪ್ರಯಾಣದಲ್ಲಿ ದಣಿದು, ಶಾಖದ ಏರುಪೇರಿಗೆ ಸಿಕ್ಕಿದ ಹೊಸ ಮೀನು ಬಂದಾಗ ಆ ಪರಾವಲಂಬಿಗೆ ಅವಕಾಶ ಸಿಗುತ್ತದೆ. ‘ಇಕ್ ಎಲ್ಲ ನೀರಿನಲ್ಲೂ ಇದ್ದೇ ಇರುತ್ತದೆ’ ಅನ್ನುವ ಮಾತು ಮಾತ್ರ ತಪ್ಪು. ಮೀನಿಲ್ಲದೆ ಅದು ಬದುಕುವುದಿಲ್ಲ. ಯಾವುದೋ ಮೀನು, ಗಿಡ, ಬಲೆ, ನೀರಿನ ಜೊತೆ ಬರಲೇಬೇಕು.

ಹಾಗಾದರೆ ಬರದಂತೆ ತಡೆಯುವುದು ಹೇಗೆ?

ಹೊಸ ಮೀನನ್ನು ನೇರವಾಗಿ ದೊಡ್ಡ ಟ್ಯಾಂಕಿಗೆ ಬಿಡಬೇಡಿ. ಎರಡರಿಂದ ನಾಲ್ಕು ವಾರ ಬೇರೆ ಸಣ್ಣ ಟ್ಯಾಂಕಿನಲ್ಲಿಡಿ. ಒಂದು ಹೀಟರ್, ಒಂದು ಸ್ಪಂಜ್ ಫಿಲ್ಟರ್, ಅವಿತುಕೊಳ್ಳಲು ಒಂದು ಪೈಪಿನ ತುಂಡು ಇದ್ದರೆ ಸಾಕು. ಜಲ್ಲಿ ಬೇಡ. ಆ ಸ್ಪಂಜನ್ನು ಬಾಕಿ ದಿನಗಳಲ್ಲಿ ದೊಡ್ಡ ಟ್ಯಾಂಕಿನಲ್ಲೇ ಓಡಿಸುತ್ತಿದ್ದರೆ ಬೇಕಾದಾಗ ಬ್ಯಾಕ್ಟೀರಿಯಾ ಸಮೇತ ತಯಾರಿರುತ್ತದೆ. ಮೀನು ತಂದ ಕವರಿನ ನೀರನ್ನು ಟ್ಯಾಂಕಿಗೆ ಸುರಿಯಬೇಡಿ. ಕೊಳ್ಳುವಾಗಲೇ ಆ ಟ್ಯಾಂಕಿನ *ಎಲ್ಲ* ಮೀನುಗಳನ್ನೂ ನೋಡಿ. ಒಂದರ ಮೇಲೆ ಚುಕ್ಕೆ ಇದ್ದರೂ ಅಲ್ಲಿಂದ ಯಾವ ಮೀನೂ ಬೇಡ.

ಹೊಸ ಗಿಡಗಳನ್ನೂ ಮೀನಿಲ್ಲದ, 25 ಡಿಗ್ರಿ ದಾಟಿದ ನೀರಿನಲ್ಲಿ ಒಂದು ವಾರ ಇಟ್ಟು ಆಮೇಲೆ ನೆಡಿ.

ಇದು ಮನುಷ್ಯರಿಗೆ ಅಂಟುತ್ತದಾ?

ಇಲ್ಲ. ಆದರೂ ಟ್ಯಾಂಕಿಗೆ ಕೈ ಹಾಕಿದ ಮೇಲೆ ಸೋಪಿನಲ್ಲಿ ತೊಳೆಯಿರಿ. ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಹಾಕಿ. ಮೀನಿನ ಟ್ಯಾಂಕಿನ ನೀರಿನಿಂದ ಗಾಯದ ಮೂಲಕ ಬರಬಲ್ಲ ಬೇರೆ ಬ್ಯಾಕ್ಟೀರಿಯಾ ಸೋಂಕುಗಳಿವೆ.

ಸಮುದ್ರದ ಮೀನಿಗೂ ಬಿಳಿ ಚುಕ್ಕೆ ಬರುತ್ತದಲ್ಲ, ಅದಕ್ಕೂ ಇದೇ ಚಿಕಿತ್ಸೆಯಾ?

ಅಲ್ಲ. ಅದು ಕ್ರಿಪ್ಟೋಕಾರಿಯಾನ್ ಇರಿಟಾನ್ಸ್ ಅನ್ನುವ ಬೇರೆಯೇ ಜೀವಿ. ಉಪ್ಪುನೀರಿನದೇ ಜೀವಿಗೆ ಉಪ್ಪು ಹಾಕಿ ಏನೂ ಆಗುವುದಿಲ್ಲ. ಅದರ ಹೊದಿಕೆ ಹಂತವೂ ವಾರಗಟ್ಟಲೆ ಎಳೆಯಬಲ್ಲದು. ಈ ಪುಟದ ದಿನಗಳ ಲೆಕ್ಕ ಅಲ್ಲಿಗೆ ಅನ್ವಯಿಸುವುದಿಲ್ಲ.

ಸತ್ತ ಮೀನನ್ನು ಏನು ಮಾಡಬೇಕು?

ಕಂಡ ಕೂಡಲೇ ತೆಗೆಯಿರಿ. ಮೀನು ಸತ್ತ ಕೆಲವೇ ಗಂಟೆಗಳಲ್ಲಿ ಪರಾವಲಂಬಿಗಳು ಅದನ್ನು ಬಿಟ್ಟು ಮರಿ ಹಾಕಲು ಹೊರಡುತ್ತವೆ. ಮಣ್ಣಿನಲ್ಲಿ ಆಳವಾಗಿ ಹೂತುಬಿಡಿ. ಕೆರೆ, ಹೊಳೆ, ಚರಂಡಿಗೆ ಎಸೆಯಬೇಡಿ. ರೋಗ ಬಂದ ಮೀನನ್ನು ‘ಎಲ್ಲಾದರೂ ಬದುಕಿಕೊಳ್ಳಲಿ’ ಅಂತ ಕೆರೆಗೆ ಬಿಡುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಬದುಕುವುದು ಕಷ್ಟ, ಜೊತೆಗೆ ಕೆರೆಯ ಮೀನುಗಳಿಗೂ ಅಂಟಿಸುತ್ತದೆ.

ಎಲ್ಲ ಮೀನೂ ಸತ್ತವು. ಮತ್ತೆ ಮೀನು ತರುವುದು ಯಾವಾಗ?

ಟ್ಯಾಂಕ್ ಎಸೆಯಬೇಕಿಲ್ಲ, ಜಲ್ಲಿ ಬದಲಿಸಬೇಕಿಲ್ಲ. ನೀರು ಹಾಗೇ ಇರಲಿ, ಫಿಲ್ಟರ್ ಓಡುತ್ತಿರಲಿ, ಹೀಟರ್ 27, 28 ಡಿಗ್ರಿಗೆ ಇಡಿ. ಮೀನಿಲ್ಲದೆ ಎರಡು ವಾರ ಕಳೆದರೆ ಪರಾವಲಂಬಿ ಉಳಿದಿರುವುದಿಲ್ಲ. ಅಷ್ಟು ದಿನ ಫಿಲ್ಟರಿನ ಬ್ಯಾಕ್ಟೀರಿಯಾ ಹಸಿದು ಸಾಯದಿರಲು ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ, ಅದು ಕೊಳೆತು ಅಮೋನಿಯಾ ಕೊಡುತ್ತದೆ. ಔಷಧಿ ಹಾಕಿದ್ದರೆ ಕಾರ್ಬನ್ ಇಟ್ಟು ತೆಗೆಯಿರಿ. ಕೊನೆಗೆ ಅರ್ಧ ನೀರು ಬದಲಿಸಿ, ಅಮೋನಿಯಾ, ನೈಟ್ರೈಟ್ ಸೊನ್ನೆ ಬಂದ ಮೇಲೆ ಎರಡು ಮೂರು ಮೀನಿನಿಂದ ಶುರು ಮಾಡಿ. ಅವನ್ನೂ ಮೊದಲು ಸಣ್ಣ ಟ್ಯಾಂಕಿನಲ್ಲಿ ಎರಡು ವಾರವಾದರೂ ಇಟ್ಟು ನೋಡಿ.